ಹೈಪೋಸ್ಪೇಡಿಯಾಸ್ ಶಸ್ತ್ರಚಿಕಿತ್ಸೆ: ಮೊದಲ ಆಯ್ಕೆಯನ್ನು ಹೇಗೆ ಮಾಡಬೇಕು

ವೈದ್ಯರು ರೌಂಡ್ಸ್ ಮುಗಿಸಿ ಹೋದ ಮೇಲೆ ಮಗುವಿನ ತಾಯಿಯೋ ಅಜ್ಜಿಯೋ ನನ್ನ ಮೇಜಿನ ಹತ್ತಿರ ಬಂದು, ದನಿ ತಗ್ಗಿಸಿ, "ಸಿಸ್ಟರ್, ಡಾಕ್ಟ್ರು ಎರಡು ಥರ ಹೇಳಿದ್ರು, ನಾವು ಯಾವುದು ಮಾಡಿಸೋದು?" ಎಂದು ಕೇಳುತ್ತಾರೆ. ಬೆಂಗಳೂರಿನ ಮಕ್ಕಳ ಶಸ್ತ್ರಚಿಕಿತ್ಸಾ ವಾರ್ಡುಗಳಲ್ಲಿ ಹದಿನೆಂಟು ವರ್ಷ ಶುಶ್ರೂಷಕಿಯಾಗಿ ದುಡಿದಿರುವ ನನಗೆ ಈ ಪ್ರಶ್ನೆಯನ್ನು ಅತಿ ಹೆಚ್ಚು ಸಲ ಕೇಳಿದವರು ಹೈಪೋಸ್ಪೇಡಿಯಾಸ್ ಇರುವ ಗಂಡುಮಕ್ಕಳ ಮನೆಯವರು. ಮೂತ್ರದ ದ್ವಾರವು ಶಿಶ್ನದ ತುದಿಯಲ್ಲಿರದೆ ಅದರ ಕೆಳಮೈಯಲ್ಲಿ ಎಲ್ಲೋ ಒಂದೆಡೆ ಹುಟ್ಟಿನಿಂದಲೇ ತೆರೆದಿರುವ ಸ್ಥಿತಿಗೆ ಈ ಹೆಸರು. ಸುಮಾರು 250ರಿಂದ 300 ಗಂಡು ಶಿಶುಗಳಲ್ಲಿ ಒಂದಕ್ಕೆ ಇದು ಇರುತ್ತದೆ. ಅಪರೂಪವೇನಲ್ಲ, ಆದರೆ ಯಾರೂ ಬಾಯಿ ಬಿಟ್ಟು ಹೇಳದ ಕಾರಣ ಪ್ರತಿಯೊಂದು ಕುಟುಂಬವೂ ಇದು ತಮ್ಮೊಬ್ಬರ ಮನೆಗೇ ಬಂದದ್ದೆಂದು ನಂಬಿಕೊಂಡಿರುತ್ತದೆ. ಗರ್ಭದ 8ನೇ ವಾರದಿಂದ ಸುಮಾರು 16ನೇ ವಾರದವರೆಗಿನ ಅವಧಿಯಲ್ಲಿ ಮೂತ್ರನಾಳವು ಬುಡದಿಂದ ಮುಚ್ಚಿಕೊಳ್ಳುತ್ತಾ ತುದಿಯವರೆಗೆ ಬರಬೇಕು. ಆ ಕೆಲಸ ನಡುವೆ ನಿಂತಾಗ ದ್ವಾರ ಅಲ್ಲಿಯೇ ಉಳಿಯುತ್ತದೆ. ಗ್ರಹಣದ ದಿನ ತಾಯಿ ಹೊರಗೆ ಓಡಾಡಿದ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಈ ಮಾತನ್ನು ನಾನು ತಾಯಿಯ ಎದುರು ಮಾತ್ರವಲ್ಲ, ಅತ್ತೆಯ ಎದುರಿಗೂ ಹೇಳುತ್ತೇನೆ.

ಯಾವ ವಿಧಾನ ಒಳ್ಳೆಯದು ಎಂಬ ಪ್ರಶ್ನೆಗೆ ನೇರ ಉತ್ತರವಿಲ್ಲ, ಏಕೆಂದರೆ ವಿಧಾನವನ್ನು ನಿರ್ಧರಿಸುವುದು ಬಹುಮಟ್ಟಿಗೆ ಮಗುವಿನ ಅಂಗದ ರಚನೆಯೇ. ಆದರೂ ಮನೆಯವರ ಕೈಯಲ್ಲಿರುವ ನಿರ್ಧಾರಗಳು ಕಡಿಮೆಯೇನಲ್ಲ. ಮಾಡಿಸಬೇಕೇ ಬೇಡವೇ, ಯಾವ ವಯಸ್ಸಿನಲ್ಲಿ, ಯಾರ ಕೈಯಲ್ಲಿ, ವೈದ್ಯರು ಎರಡು ಹಂತ ಬೇಕೆಂದಾಗ ಒಂದೇ ಹಂತಕ್ಕೆ ಒತ್ತಾಯಿಸಬೇಕೇ, ಮುಂದೊಗಲನ್ನು ಉಳಿಸಬೇಕೇ ಎಂಬುವೆಲ್ಲ ಮನೆಯವರ ಒಪ್ಪಿಗೆಯಿಂದಲೇ ತೀರ್ಮಾನವಾಗುತ್ತವೆ. ಇವನ್ನೆಲ್ಲ ತೂಗುವಾಗ ಒಂದು ಸಂಗತಿ ಮನಸ್ಸಿನಲ್ಲಿರಬೇಕು: ಗಾಯವೇ ಆಗದ ಮೃದುವಾದ ಚರ್ಮ, ಚೆನ್ನಾಗಿ ರಕ್ತ ಹರಿಯುವ ಮುಂದೊಗಲು, ಕಲೆಯಿಲ್ಲದ ತುದಿ, ಇವು ಮೊದಲನೆಯ ಶಸ್ತ್ರಚಿಕಿತ್ಸೆಯಲ್ಲಿ ಮಾತ್ರ ಪೂರ್ತಿಯಾಗಿ ಸಿಗುತ್ತವೆ. ಎರಡನೆಯ ಸಲಕ್ಕೆ ಉಳಿಯುವುದು ಮೊದಲನೆಯದು ಬಿಟ್ಟುಹೋದದ್ದು.

ವಿಧಾನಕ್ಕಿಂತ ಮೊದಲು ನೋಡಬೇಕಾದದ್ದು

ದ್ವಾರ ಎಲ್ಲಿದೆ ಎಂಬುದು ಮೊದಲ ಪ್ರಶ್ನೆ. ಹತ್ತು ಮಕ್ಕಳಲ್ಲಿ ಸುಮಾರು ಏಳು ಮಂದಿಗೆ ಅದು ಶಿಶ್ನಮಣಿಯ, ಅಂದರೆ ಶಿಶ್ನದ ತುದಿಯ ಉಬ್ಬಿದ ಭಾಗದ, ಮೇಲೆಯೇ ತುಸು ಕೆಳಗೆ, ಇಲ್ಲವೇ ಅದರ ಅಂಚಿನ ಸುತ್ತಮುತ್ತ ಇರುತ್ತದೆ. ಇದನ್ನು ತುದಿಭಾಗದ ಹೈಪೋಸ್ಪೇಡಿಯಾಸ್ ಎನ್ನಬಹುದು. ಉಳಿದವರಲ್ಲಿ ಅದು ದಂಡದ ನಡುವೆ ಇರುತ್ತದೆ, ಇಲ್ಲವೇ ಬುಡದಲ್ಲಿ, ವೃಷಣಚೀಲದ ಮೇಲೆ, ಕೆಲವೊಮ್ಮೆ ಅದರ ಹಿಂದೆಯೂ ಇರುತ್ತದೆ. ಎರಡನೆಯದು ಬಾಗು. ಶಿಶ್ನ ನೆಟ್ಟಗಾದಾಗ ಕೆಳಮುಖವಾಗಿ ಬಿಲ್ಲಿನಂತೆ ಬಾಗುತ್ತದೆಯೇ ಎಂಬುದನ್ನು ತಾಯಂದಿರು ಬೆಳಗಿನ ಹೊತ್ತು ಡಯಾಪರ್ ಬದಲಿಸುವಾಗ ಕಂಡಿರುತ್ತಾರೆ. ಪಕ್ಕದಿಂದ ಒಂದು ಫೋಟೋ ತೆಗೆದು ವೈದ್ಯರಿಗೆ ತೋರಿಸಿದರೆ ಅದು ಬಹಳ ನೆರವಾಗುತ್ತದೆ. ಮೂರನೆಯದು ಮುಂದೊಗಲು. ಅದು ಕೆಳಗಡೆ ಇಲ್ಲದೆ ಮೇಲ್ಭಾಗದಲ್ಲಿ ಮಾತ್ರ ಕುಲಾವಿಯಂತೆ ಗುಡ್ಡೆಯಾಗಿರುತ್ತದೆ. ಹೀಗೆ ಹುಟ್ಟಿದ ಮಗುವನ್ನು ಕೆಲವು ಮುಸ್ಲಿಂ ಕುಟುಂಬಗಳು ಖತ್ನಾ ಆಗಿಯೇ ಹುಟ್ಟಿದ ಪುಣ್ಯವಂತನೆಂದು ಸಂತೋಷಪಟ್ಟು ಮನೆಯಲ್ಲೇ ಇಟ್ಟುಕೊಂಡಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಆ ಸಂತೋಷವನ್ನು ಕೆಡಿಸದೆ ಇಷ್ಟನ್ನು ಮಾತ್ರ ಹೇಳುತ್ತೇನೆ: ದ್ವಾರ ಎಲ್ಲಿದೆ ಎಂದು ಒಮ್ಮೆ ವೈದ್ಯರಿಗೆ ತೋರಿಸಿ, ಅಲ್ಲಿಯವರೆಗೆ ಮುಂದೊಗಲಿಗೆ ಯಾರೂ ಕತ್ತರಿ ಮುಟ್ಟಿಸಬಾರದು. ಆ ಗುಡ್ಡೆಯಾದ ಚರ್ಮವೇ ಹೊಸ ನಾಳಕ್ಕೂ, ಅದರ ಹೊದಿಕೆಗೂ ಬೇಕಾಗುವ ಬಟ್ಟೆ. ಅಪರೂಪಕ್ಕೆ ಮುಂದೊಗಲು ಪೂರ್ತಿಯಾಗಿದ್ದು, ಹಿಂದಕ್ಕೆ ಸರಿಸಿದಾಗ ಮಾತ್ರ ಅಗಲವಾದ ದ್ವಾರ ಕೆಳಗೆ ಕಾಣಿಸುವ ಬಗೆಯೂ ಉಂಟು. ಅಂಥದ್ದು ಸುನ್ನತಿಯ ಮೇಜಿನ ಮೇಲೆಯೇ ಗೊತ್ತಾಗುವುದುಂಟು, ಆಗ ಅಲ್ಲಿಗೇ ನಿಲ್ಲಿಸಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಹೈಪೋಸ್ಪೇಡಿಯಾಸ್ ಜೊತೆಗೆ ಎರಡೂ ವೃಷಣಗಳು ಕೈಗೆ ಸಿಗದಿದ್ದರೆ, ಅದು ಶಸ್ತ್ರಚಿಕಿತ್ಸೆಯ ಆಯ್ಕೆಯ ವಿಷಯವೇ ಅಲ್ಲ. ಅದು ಹುಟ್ಟಿದ ಮೊದಲ ದಿನಗಳಲ್ಲೇ ತೀರ್ಮಾನಿಸಬೇಕಾದ ತುರ್ತು. ಹೊರಗೆ ಗಂಡುಮಗುವಿನಂತೆ ಕಾಣುವ ಆ ಶಿಶುವಿಗೆ ಅಡ್ರಿನಲ್ ಗ್ರಂಥಿಯ ಹುಟ್ಟುದೋಷವಿರಬಹುದು. ಹಾಗಿದ್ದರೆ ಎರಡನೆಯ ವಾರದ ಹೊತ್ತಿಗೆ ದೇಹದ ಉಪ್ಪಿನಂಶ ಕುಸಿದು, ವಾಂತಿ ಮಾಡುತ್ತಾ, ಹಾಲು ಬಿಟ್ಟು, ಜೀವಕ್ಕೇ ಅಪಾಯವಾಗಬಹುದು. ಕ್ರೋಮೋಸೋಮ್ ಪರೀಕ್ಷೆ, ಹಾರ್ಮೋನ್ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಮುಗಿದು, ಮಗು ಗಂಡೋ ಹೆಣ್ಣೋ ಎಂದು ಖಚಿತವಾಗುವವರೆಗೆ ನಾಮಕರಣಕ್ಕೂ ಆತುರಪಡಬೇಡಿ ಎಂದು ನಾನು ಹಿರಿಯರನ್ನು ಕೇಳಿಕೊಳ್ಳುತ್ತೇನೆ. ಒಂದು ವೃಷಣ ಮಾತ್ರ ಇಳಿಯದೆ, ದ್ವಾರವೂ ಬುಡದಲ್ಲಿದ್ದರೆ ಆಗಲೂ ಇದೇ ಪರೀಕ್ಷೆಗಳನ್ನು ಕೇಳುವುದು ರೂಢಿ.

ಮೂತ್ರದ್ವಾರ ಶಿಶ್ನದ ಮೇಲ್ಮೈಯಲ್ಲಿ ತೆರೆದಿರುವ ಎಪಿಸ್ಪೇಡಿಯಾಸ್ ಬೇರೆಯೇ ಸ್ಥಿತಿ. ಅದು ಬಹಳ ವಿರಳ, ಅಲ್ಲಿ ಮೂತ್ರವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಅದಕ್ಕೆ ಈ ಹೋಲಿಕೆ ಅನ್ವಯಿಸುವುದಿಲ್ಲ.

ಮಾಡಿಸುವುದೋ, ಬಿಡುವುದೋ

ದ್ವಾರ ಶಿಶ್ನಮಣಿಯ ಮೇಲೆಯೇ ಇದ್ದು, ಕಿರಿದಾಗಿರದೆ, ಬಾಗಿಲ್ಲದೆ, ಮೂತ್ರದ ಧಾರೆ ನೇರವಾಗಿ ಮುಂದಕ್ಕೆ ಹೋಗುತ್ತಿದ್ದರೆ, ಏನೂ ಮಾಡದಿರುವುದು ಪೂರ್ಣ ಗೌರವಕ್ಕೆ ಅರ್ಹವಾದ ಆಯ್ಕೆ. ಅಂಥ ಮಗು ನಿಂತು ಮೂತ್ರ ಮಾಡುತ್ತದೆ, ಮುಂದೆ ದಾಂಪತ್ಯಕ್ಕೂ ಮಕ್ಕಳಾಗುವುದಕ್ಕೂ ಈ ಕಾರಣದಿಂದ ಅಡ್ಡಿಯಿರುವುದಿಲ್ಲ. ಶಸ್ತ್ರಚಿಕಿತ್ಸೆಯಿಂದ ಸಿಗುವುದು ನೋಟದ ಬದಲಾವಣೆ ಮಾತ್ರ. ಅದಕ್ಕಾಗಿ ಮೂತ್ರ ಸೋರುವ ಹೊಸದೊಂದು ತೂತೋ ಕಲೆಯೋ ಆಗುವ ಅಪಾಯವನ್ನು ಮಗುವಿನ ಪರವಾಗಿ ನಾವು ಒಪ್ಪಬೇಕೇ ಎಂದು ಯೋಚಿಸಬೇಕು. ಅವನು ದೊಡ್ಡವನಾಗಿ ತಾನೇ ಬೇಕೆಂದರೆ ಆಗ ಮಾಡಿಸಿಕೊಳ್ಳಬಹುದು. ನನ್ನ ಮಗುವಾಗಿದ್ದರೆ ಇಂಥ ಸಂದರ್ಭದಲ್ಲಿ ನಾನು ಬಿಟ್ಟುಬಿಡುತ್ತಿದ್ದೆ.

ಧಾರೆ ಕೆಳಕ್ಕೋ ಪಕ್ಕಕ್ಕೋ ಚಿಮ್ಮಿ ಚಡ್ಡಿ, ಕಾಲು ಒದ್ದೆಯಾಗುತ್ತಿದ್ದರೆ, ಬಾಗು ಕಣ್ಣಿಗೆ ಕಾಣುವಷ್ಟಿದ್ದರೆ, ದ್ವಾರ ದಂಡದ ಮೇಲೋ ಅದಕ್ಕೂ ಹಿಂದೋ ಇದ್ದರೆ, ಲೆಕ್ಕ ತಿರುಗುತ್ತದೆ. ಬಾಗು ಉಳಿದರೆ ಮುಂದೆ ಸಂಭೋಗ ನೋವಿನದ್ದಾಗಬಹುದು ಅಥವಾ ಸಾಧ್ಯವಾಗದೇ ಹೋಗಬಹುದು. ದ್ವಾರ ಬುಡದಲ್ಲಿದ್ದರೆ ವೀರ್ಯ ಸೇರಬೇಕಾದಲ್ಲಿಗೆ ಸೇರುವುದಿಲ್ಲ. ಶಾಲೆಯ ಶೌಚಾಲಯದಲ್ಲಿ ಸಾಲಾಗಿ ನಿಂತ ಹುಡುಗರ ನಡುವೆ ಒಬ್ಬನೇ ಬಾಗಿಲು ಹಾಕಿಕೊಂಡು ಕೂರಬೇಕಾದ ಮಗುವಿನ ಸಂಕಟವನ್ನೂ ನಾನು ಸಣ್ಣದೆನ್ನುವುದಿಲ್ಲ. ಎಣ್ಣೆ ನೀವುವುದರಿಂದ, ನಾಟಿ ಔಷಧದಿಂದ, ಬೆಳೆದಂತೆ ಸರಿಹೋಗುವುದರಿಂದ ದ್ವಾರ ಮುಂದೆ ಬರುವುದಿಲ್ಲ.

ಆರು ತಿಂಗಳೋ, ಆರು ವರ್ಷವೋ

ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 1996ರಲ್ಲಿ 6ರಿಂದ 12 ತಿಂಗಳ ನಡುವಿನ ಕಾಲವನ್ನು ಸೂಚಿಸಿತು. ಯುರೋಪಿನ ಮೂತ್ರರೋಗ ತಜ್ಞರ ಮಾರ್ಗಸೂಚಿ 6ರಿಂದ 18 ತಿಂಗಳು ಎನ್ನುತ್ತದೆ. ಈ ವಯಸ್ಸಿನ ಮಗು ಇನ್ನೂ ಡಯಾಪರಿನಲ್ಲಿರುವುದರಿಂದ, ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ಇರುವ ಮೂತ್ರದ ಕೊಳವೆಯ ಆರೈಕೆ ಸುಲಭ, ಗಾಯ ಬೇಗ ಮಾಯುತ್ತದೆ, ಆಸ್ಪತ್ರೆಯ ನೆನಪು ಮನಸ್ಸಿನಲ್ಲಿ ಉಳಿಯುವುದಿಲ್ಲ. ಎರಡು ಹಂತಗಳು ಬೇಕಾದರೂ ಶಾಲೆ ಸೇರುವ ಮೊದಲೇ ಎರಡೂ ಮುಗಿಯುತ್ತವೆ. ಎರಡರಿಂದ ನಾಲ್ಕು ವರ್ಷದ ಮಗುವಿನ ಆರೈಕೆಯೇ ನಮ್ಮ ವಾರ್ಡಿನಲ್ಲಿ ಅತ್ಯಂತ ಕಷ್ಟದ್ದು: ಅದು ಕೊಳವೆಯನ್ನು ಎಳೆಯುತ್ತದೆ, ಮಂಚದಿಂದ ಧುಮುಕುತ್ತದೆ, ಯಾರಾದರೂ ಹತ್ತಿರ ಬಂದರೆ ಕಿರುಚುತ್ತದೆ, ಅದಕ್ಕೆ ಕಾರಣ ಹೇಳಿ ಒಪ್ಪಿಸಲೂ ಆಗುವುದಿಲ್ಲ. ಪ್ರಾಯಕ್ಕೆ ಬಂದ ಮೇಲೆ ಮಾಡಿಸಿದರೆ ಶಿಶ್ನ ನೆಟ್ಟಗಾದಾಗಲೆಲ್ಲ ಹೊಲಿಗೆಯ ಮೇಲೆ ಸೆಳೆತ ಬೀಳುತ್ತದೆ, ಸೋಂಕೂ ತೂತೂ ಚಿಕ್ಕ ಮಕ್ಕಳಿಗಿಂತ ಹೆಚ್ಚು. ಹಾಗೆಂದು ಐದನೆಯ ವರ್ಷದಲ್ಲೋ ಹನ್ನೆರಡನೆಯ ವರ್ಷದಲ್ಲೋ ಗೊತ್ತಾದವರು ಕಾಲ ಮೀರಿತೆಂದು ಕೈಚೆಲ್ಲಬೇಕಾಗಿಲ್ಲ. ಅವರಿಗೂ ಶಸ್ತ್ರಚಿಕಿತ್ಸೆ ಸಾಧ್ಯ, ಹುಡುಗನಿಗೆ ವಿಷಯ ವಿವರಿಸಿ ಅವನ ಒಪ್ಪಿಗೆ ಪಡೆಯುವ ಅವಕಾಶವೂ ಉಂಟು.

ಎಳೆಯ ಮಗುವಿಗೆ ಅರಿವಳಿಕೆ ಕೊಡುವುದರ ಭಯ ಸಹಜವಾದದ್ದು. ಮೂರು ವರ್ಷದೊಳಗೆ ದೀರ್ಘವಾಗಿ ಅಥವಾ ಪದೇಪದೇ ಕೊಡುವ ಅರಿವಳಿಕೆಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಕೆ ನೀಡಿದ್ದು ನಿಜ. ಒಂದು ಗಂಟೆಯೊಳಗಿನ ಒಂದೇ ಅರಿವಳಿಕೆಗೆ ಒಳಗಾದ ಶಿಶುಗಳನ್ನು ಐದು ವರ್ಷದವರೆಗೆ ಗಮನಿಸಿದಾಗ ಬುದ್ಧಿಯ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂಬುದೂ ಅಷ್ಟೇ ನಿಜ. ತುದಿಭಾಗದ ಶಸ್ತ್ರಚಿಕಿತ್ಸೆಗೆ ಒಂದರಿಂದ ಒಂದೂವರೆ ಗಂಟೆ, ಬುಡಭಾಗದ್ದಕ್ಕೆ ಎರಡು-ಮೂರು ಗಂಟೆ ಹಿಡಿಯಬಹುದು. ಆದ್ದರಿಂದ ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ, ಹೃದಯದ ತೊಂದರೆಯಿರುವ ಮಗುವಿಗೆ ವೈದ್ಯರು ಕೆಲವು ತಿಂಗಳು ಕಾಯೋಣವೆಂದರೆ ಅದು ಆಲಸ್ಯವಲ್ಲ. ಇಲ್ಲಿ ಬೆಂಗಳೂರಿನವರಿಗೆ ಒಂದು ಸಣ್ಣ ಸಲಹೆ: ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ಹೋಗುವ ಮಕ್ಕಳೆಲ್ಲ ರಜೆಯೆಂದು ಶಸ್ತ್ರಚಿಕಿತ್ಸೆಗೆ ಬರುವುದರಿಂದ ಹಾಸಿಗೆಗಳು ತುಂಬಿರುತ್ತವೆ. ಎಂಟು ತಿಂಗಳ ಮಗುವಿಗೆ ಬೇಸಿಗೆ ರಜೆಯ ಹಂಗಿಲ್ಲ; ಜುಲೈ ನಂತರದ ದಿನಾಂಕ ಕೇಳಿ.

ಒಂದೇ ಹಂತವೋ, ಎರಡು ಹಂತವೋ

ನಾನು ಕಂಡ ಹೆಚ್ಚಿನ ತಪ್ಪು ನಿರ್ಧಾರಗಳು ಇಲ್ಲಿಯೇ ಆಗಿವೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮಗುವಿಗೆ ಅರಿವಳಿಕೆ ಕೊಟ್ಟ ಮೇಲೆ ಶಸ್ತ್ರಚಿಕಿತ್ಸಕರು ಶಿಶ್ನದ ಚರ್ಮವನ್ನು ಬುಡದವರೆಗೆ ಬಿಡಿಸಿ, ಬುಡಕ್ಕೆ ಬಿಗಿ ಹಾಕಿ, ಸಲೈನ್ ತುಂಬಿ ಅದನ್ನು ಕೃತಕವಾಗಿ ನೆಟ್ಟಗಾಗಿಸುತ್ತಾರೆ. ಬಾಗಿನ ನಿಜವಾದ ಅಳತೆ ಗೊತ್ತಾಗುವುದು ಆಗಲೇ. ಹಲವು ಸಲ ಚರ್ಮವನ್ನು ಬಿಡಿಸಿದ ಕೂಡಲೇ ಬಾಗು ಹೋಗಿಬಿಡುತ್ತದೆ. ಉಳಿದ ಬಾಗು ಸುಮಾರು 30 ಡಿಗ್ರಿಗಿಂತ ಕಡಿಮೆಯಿದ್ದರೆ ಮೇಲ್ಭಾಗದಲ್ಲಿ ಒಂದೆರಡು ಹೊಲಿಗೆ ಹಾಕಿ ನೇರ ಮಾಡಬಹುದು. ಅದಕ್ಕಿಂತ ಹೆಚ್ಚಿದ್ದರೆ, ದ್ವಾರದಿಂದ ತುದಿಯವರೆಗೆ ಇರುವ ನಸುಗೆಂಪು ಪಟ್ಟಿಯನ್ನು, ಅಂದರೆ ಕೊಳವೆಯಾಗದೆ ಉಳಿದ ಮೂತ್ರನಾಳದ ತಳವನ್ನು, ಅಡ್ಡಲಾಗಿ ಕತ್ತರಿಸಿ ಕೆಳಮೈಯನ್ನು ಉದ್ದ ಮಾಡಬೇಕಾಗುತ್ತದೆ. ಈ ಪಟ್ಟಿ ಉಳಿಯಿತೇ ಇಲ್ಲವೇ ಎಂಬುದೇ ಹಂತಗಳ ಸಂಖ್ಯೆಯನ್ನು ಹೇಳುವ ಗೆರೆ. "ಒಳಗೆ ನೋಡಿದ ಮೇಲೆ ತೀರ್ಮಾನಿಸುತ್ತೇನೆ" ಎನ್ನುವ ವೈದ್ಯರಿಗೆ ಗೊತ್ತಿಲ್ಲವೆಂದು ಭಾವಿಸಬೇಡಿ. ಗೊತ್ತಿರುವವರು ಹೇಳುವ ಮಾತೇ ಅದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಎರಡೂ ಸಾಧ್ಯತೆಗಳನ್ನು ಅದರಲ್ಲಿ ಬರೆಸಿಕೊಳ್ಳಿ.

ಪಟ್ಟಿ ಉಳಿದು, ದ್ವಾರ ತುದಿಭಾಗದಲ್ಲಿದ್ದರೆ ಒಂದೇ ಹಂತ ಸಾಕು. ಇಂದು ಹೆಚ್ಚಾಗಿ ಮಾಡುವುದು ವಾರೆನ್ ಸ್ನಾಡ್‌ಗ್ರಾಸ್ 1994ರಲ್ಲಿ ಪ್ರಕಟಿಸಿದ ಟಿಐಪಿ ವಿಧಾನ. ಪಟ್ಟಿಯ ನಡುವೆ ಉದ್ದಕ್ಕೆ ಒಂದು ಗೀಟು ಕೊಯ್ದು ಅದನ್ನು ಅಗಲಿಸಿ, ಎರಡು ಅಂಚುಗಳನ್ನು ಮೂತ್ರದ ಕೊಳವೆಯ ಸುತ್ತ ತಂದು ಹೊಲಿಯುತ್ತಾರೆ. ಕೊಯ್ದ ಜಾಗದಲ್ಲಿ ಹೊಸ ಪದರ ತಾನಾಗಿ ಬೆಳೆಯುತ್ತದೆ. ಹೊರಗಿನ ಚರ್ಮ ಬೇಕಾಗುವುದಿಲ್ಲ, ದ್ವಾರ ಸಹಜವಾದ ಉದ್ದನೆಯ ಸೀಳಿನಂತೆ ಕಾಣುತ್ತದೆ. ಪಟ್ಟಿ ತೀರ ಕಿರಿದಾಗಿದ್ದರೆ, ಶಿಶ್ನಮಣಿ ಪುಟ್ಟದಾಗಿದ್ದರೆ ಮಾತ್ರ ದ್ವಾರ ಕಿರಿದಾಗುವ ಅಥವಾ ಹೊಲಿಗೆ ಬಿಟ್ಟುಕೊಳ್ಳುವ ಅಪಾಯ ಹೆಚ್ಚು. ಅಂಥಲ್ಲಿ ಕೊಯ್ದ ಗೀಟಿನೊಳಗೆ ಮುಂದೊಗಲಿನ ಒಳಪದರದ ಒಂದು ತುಣುಕನ್ನು ನಾಟಿ ಹಾಕುವ ರೂಪಾಂತರವನ್ನು ಕೆಲವರು ಇಷ್ಟಪಡುತ್ತಾರೆ. ಮ್ಯಾಥ್ಯೂ ವಿಧಾನ 1932ರದ್ದು, ಈಗಲೂ ಬಳಕೆಯಲ್ಲಿದೆ: ದ್ವಾರದ ಕೆಳಗಿನ ಚರ್ಮವನ್ನು ಮೇಲಕ್ಕೆ ಮಡಚಿ ನಾಳದ ಛಾವಣಿ ಮಾಡುತ್ತಾರೆ. ಅದು ನಂಬಬಹುದಾದ ವಿಧಾನ, ಆದರೆ ದ್ವಾರ ಅಡ್ಡಲಾಗಿ, ಮೀನಿನ ಬಾಯಿಯಂತೆ ಕಾಣುವುದುಂಟು. ದ್ವಾರ ಶಿಶ್ನಮಣಿಯ ಮೇಲೆಯೇ ಇರುವ ಸಣ್ಣ ದೋಷಗಳಿಗೆ ಕೊಳವೆಯನ್ನೇ ಕಟ್ಟದೆ ದ್ವಾರವನ್ನು ಮುಂದಕ್ಕೆ ಸರಿಸುವ ಮ್ಯಾಗ್‌ಪೈ ವಿಧಾನವನ್ನು ಡಕೆಟ್ 1981ರಲ್ಲಿ ಹೇಳಿದರು. ಸರಿಯಾದ ಮಗುವಿಗೆ ಮಾಡಿದರೆ ಅದು ಬಹಳ ಸೌಮ್ಯವಾದದ್ದು. ತಪ್ಪು ಮಗುವಿಗೆ ಮಾಡಿದರೆ ದ್ವಾರ ಮತ್ತೆ ಹಿಂದಕ್ಕೆ ಜಾರುತ್ತದೆ.

ತುದಿಭಾಗದಲ್ಲಿ ಈ ವಿಧಾನಗಳ ನಡುವಿನ ವ್ಯತ್ಯಾಸಕ್ಕಿಂತ ಮಾಡುವ ಕೈಯ ಅಭ್ಯಾಸ ಮುಖ್ಯ ಎಂಬುದು ನನ್ನ ಅನುಭವ. ಇಲ್ಲಿ ತೊಂದರೆಯಾಗುವುದು ನೂರರಲ್ಲಿ ಸುಮಾರು ಐದರಿಂದ ಹತ್ತು ಮಕ್ಕಳಿಗೆ. ವೈದ್ಯರು ಮ್ಯಾಥ್ಯೂ ಎಂದರೆ, ಇಂಟರ್ನೆಟ್ಟಿನಲ್ಲಿ ನೋಡಿದ ಟಿಐಪಿಯೇ ಬೇಕೆಂದು ಹಟ ಹಿಡಿಯಬೇಡಿ.

ಬುಡಭಾಗದ ಹೈಪೋಸ್ಪೇಡಿಯಾಸ್‌ನಲ್ಲಿ ಆಯ್ಕೆಯ ತೂಕ ಬೇರೆ. ಅಲ್ಲಿಯೂ ಒಂದೇ ಹಂತದಲ್ಲಿ ಮುಗಿಸುವ ದಾರಿಗಳಿವೆ. ಬಾಗು ನೇರವಾಗಿ ಪಟ್ಟಿ ಉಳಿದರೆ, ಮುಂದೊಗಲಿನ ಒಳಪದರವನ್ನು ಅದರ ರಕ್ತನಾಳಗಳ ಸಮೇತ ತಂದು ಪಟ್ಟಿಯ ಮೇಲೆ ಮುಚ್ಚಳದಂತೆ ಹೊಲಿಯಬಹುದು. ಪಟ್ಟಿ ಕತ್ತರಿಸಿಹೋದರೆ, ಆ ಪದರವನ್ನೇ ಪೂರ್ತಿ ಕೊಳವೆಯಾಗಿ ಸುತ್ತಬಹುದು. ಮುಂದೊಗಲಿನ ಕೊಳವೆಯಿಂದ ಒಂದೇ ಹಂತದಲ್ಲಿ ನಾಳ ಕಟ್ಟುವ ವಿಧಾನವನ್ನು ನಮ್ಮ ದೇಶದವರೇ ಆದ ಆಗ್ರಾದ ಹರಿಶಂಕರ ಅಸೋಪಾ 1971ರಲ್ಲಿ ಪ್ರಕಟಿಸಿದರು. ಭಾರತದ ಶಸ್ತ್ರಚಿಕಿತ್ಸಕರ ಒಂದು ಇಡೀ ತಲೆಮಾರು ಅದನ್ನು ಕಲಿತು ಬೆಳೆಯಿತು. ಇದರ ಲಾಭ ಸ್ಪಷ್ಟ: ಒಂದೇ ಅರಿವಳಿಕೆ, ಒಂದೇ ದಾಖಲಾತಿ, ಒಂದೇ ಸಲ ಕೆಲಸಕ್ಕೆ ರಜೆ. ನಷ್ಟವೂ ಅಷ್ಟೇ ಸ್ಪಷ್ಟ. ಹಳೆಯ ನಾಳವೂ ಹೊಸ ಕೊಳವೆಯೂ ಕೂಡುವ ಉಂಗುರದಂಥ ಜಾಗ ಕಿರಿದಾಗಬಹುದು, ಕೊಳವೆಯ ನಡುಭಾಗ ಉಬ್ಬಿ ಚೀಲವಾಗಿ ಅಲ್ಲಿ ಮೂತ್ರ ನಿಲ್ಲಬಹುದು, ಹೊಲಿಗೆಯ ಸಾಲಿನಲ್ಲಿ ತೂತು ಬೀಳಬಹುದು.

ಎರಡು ಹಂತದ ದಾರಿ ನಿಧಾನದ್ದು. ಮೊದಲ ಹಂತದಲ್ಲಿ ಬಾಗನ್ನು ಪೂರ್ತಿ ನೇರ ಮಾಡಿ, ಖಾಲಿಯಾದ ಕೆಳಮೈಯ ಮೇಲೆ ಮುಂದೊಗಲಿನ ಒಳಪದರವನ್ನೋ, ಅದು ಸಾಲದಿದ್ದರೆ ಕೆನ್ನೆಯ ಒಳಗಿನ ತೇವದ ಪದರವನ್ನೋ ಹಾಸುತ್ತಾರೆ. ಗದ್ದೆಗೆ ಮಡಿ ಸಿದ್ಧಪಡಿಸಿದ ಹಾಗೆ. ಕನಿಷ್ಠ ಆರು ತಿಂಗಳು ಕಾದು, ಆ ಪದರ ಮೆತ್ತಗಾಗಿ ಬೇರೂರಿದ ಮೇಲೆ, ಎರಡನೆಯ ಹಂತದಲ್ಲಿ ಅದನ್ನು ಕೊಳವೆಯಾಗಿ ಸುತ್ತಿ ತುದಿಯವರೆಗೆ ತರುತ್ತಾರೆ. ಈ ವಿಧಾನವನ್ನು ಇಂದಿನ ರೂಪಕ್ಕೆ ತಂದು ಜನಪ್ರಿಯಗೊಳಿಸಿದವರಲ್ಲಿ ಇಂಗ್ಲೆಂಡಿನ ಐವರ್ ಬ್ರಾಕಾ ಪ್ರಮುಖರು. ಕೆನ್ನೆಯೊಳಗಿನ ಗಾಯಕ್ಕೆ ಹೆದರಬೇಕಾಗಿಲ್ಲ; ಒಂದೆರಡು ವಾರದಲ್ಲಿ ಅದು ಮಾಯುತ್ತದೆ, ಅಲ್ಲಿಯವರೆಗೆ ಖಾರವಿಲ್ಲದ ಮೊಸರನ್ನ, ರಾಗಿ ಗಂಜಿ ಕೊಟ್ಟರೆ ಸಾಕು. ಮೊದಲ ಹಂತದ ಡ್ರೆಸ್ಸಿಂಗ್ ಬಿಚ್ಚಿದ ದಿನ ಮನೆಯವರು ಗಾಬರಿಯಾಗುವುದು ಬೇರೆ ಕಾರಣಕ್ಕೆ: ಬಾಗು ಬಿಡಿಸಿದಾಗ ದ್ವಾರವು ಮೊದಲಿದ್ದುದಕ್ಕಿಂತಲೂ ಹಿಂದಕ್ಕೆ ಹೋಗಿರುತ್ತದೆ. "ಸಿಸ್ಟರ್, ದುಡ್ಡು ಕೊಟ್ಟು ಇನ್ನೂ ಕೆಡಿಸಿಕೊಂಡ್ವಲ್ಲ" ಎಂದು ಒಬ್ಬ ತಂದೆ ನನ್ನ ಮುಂದೆಯೇ ಕಣ್ಣೀರು ಹಾಕಿದರು. ಇದು ಕೆಟ್ಟದ್ದಲ್ಲ, ನಿರೀಕ್ಷಿಸಿದ್ದೇ. ಮುಂಚೆಯೇ ತಿಳಿಸಿದ್ದರೆ ಅವರು ಅಳುತ್ತಿರಲಿಲ್ಲ.

ಬುಡಭಾಗದಲ್ಲಿ ಯಾವ ದಾರಿ ಹಿಡಿದರೂ ನೂರರಲ್ಲಿ ಮೂವತ್ತರಿಂದ ಐವತ್ತು ಮಕ್ಕಳಿಗೆ ಮತ್ತೊಂದು ತಿದ್ದುಪಡಿ ಬೇಕಾಗಬಹುದು ಎಂಬುದು ಕಹಿಯಾದರೂ ಸತ್ಯ. ಹಾಗಾಗಿ ಒಂದಕ್ಕೆ ಒಂದು, ಎರಡಕ್ಕೆ ಎರಡು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಮ್ಮ ವಾರ್ಡಿಗೆ ನಗರದ ಬೇರೊಂದು ಖಾಸಗಿ ಆಸ್ಪತ್ರೆಯಲ್ಲಿ ಒಂದೇ ಹಂತದಲ್ಲಿ ಮುಗಿಸಿಕೊಂಡು ಬಂದ ಒಬ್ಬ ಹುಡುಗನಿದ್ದ. ತೀವ್ರ ಬಾಗಿದ್ದರೂ ಮನೆಯವರು ಒಂದೇ ಸಲಕ್ಕೆ ಆಗಲೆಂದು ಒತ್ತಾಯಿಸಿದ್ದರು, ಆ ವೈದ್ಯರು ಒಪ್ಪಿದ್ದರು. ನಾಲ್ಕು ವರ್ಷದಲ್ಲಿ ಅವನಿಗೆ ಮೂರು ಸಲ ತೂತು ಮುಚ್ಚುವ ಪ್ರಯತ್ನವಾಗಿ, ಬಾಗು ಮರಳಿ, ಕೊನೆಗೆ ಕೆನ್ನೆಯ ಪದರದಿಂದ ಎರಡು ಹಂತದಲ್ಲಿ ಮೊದಲಿನಿಂದ ಕಟ್ಟಬೇಕಾಯಿತು. ಒಂದನ್ನು ಉಳಿಸಹೋಗಿ ಆ ಮಗು ಆರು ಸಲ ಮೇಜಿನ ಮೇಲೆ ಮಲಗಿತು. ಬಾಗು ಹೆಚ್ಚಿದ್ದು, ಪಟ್ಟಿ ಕತ್ತರಿಸಲೇಬೇಕಾದಾಗ ಎರಡು ಹಂತವನ್ನೇ ಒಪ್ಪಿ ಎಂದು ನಾನು ಹೇಳುವುದು ಇದಕ್ಕಾಗಿ.

ಶಿಶ್ನಮಣಿ ತೀರ ಚಿಕ್ಕದಾಗಿದ್ದರೆ ಶಸ್ತ್ರಚಿಕಿತ್ಸೆಗೆ ಮುನ್ನ ಕೆಲವು ವಾರ ಟೆಸ್ಟೋಸ್ಟಿರಾನ್ ಚುಚ್ಚುಮದ್ದು ಅಥವಾ ಮುಲಾಮು ಕೊಡುವುದುಂಟು. ಆಗ ಅಲ್ಲೊಂದು ಇಲ್ಲೊಂದು ಕೂದಲು ಕಾಣಿಸಬಹುದು, ಶಿಶ್ನ ಆಗಾಗ ನೆಟ್ಟಗಾಗಬಹುದು. ಔಷಧ ನಿಂತ ಮೇಲೆ ಇವು ಇಳಿಯುತ್ತವೆ. ಗಾಯ ಮಾಯುವುದರ ಮೇಲೆ ಅದರ ಪರಿಣಾಮವೇನು ಎಂಬುದರಲ್ಲಿ ವೈದ್ಯರೊಳಗೇ ಒಮ್ಮತವಿಲ್ಲದ ಕಾರಣ, ಎಲ್ಲರಿಗೂ ಕೊಡುವವರಿಗಿಂತ ಅಳತೆ ನೋಡಿ ಕೊಡುವವರ ಮಾತನ್ನು ನಾನು ಹೆಚ್ಚು ನಂಬುತ್ತೇನೆ.

ಮುಂದೊಗಲು ಉಳಿಯಬೇಕೇ

"ಸುನ್ನತಿ ಮಾಡಿದ ಹಾಗೆ ಕಾಣುತ್ತಾ ಸಿಸ್ಟರ್?" ಎಂದು ಹಿಂದೂ ಮನೆಗಳ ಅಜ್ಜಿಯರು ಸಂಕೋಚದಿಂದ ಕೇಳುತ್ತಾರೆ. ಸಾಮಾನ್ಯವಾಗಿ ಹೌದು, ಉಳಿದ ಮುಂದೊಗಲನ್ನು ಹೊದಿಕೆಗೆ ಬಳಸುವುದರಿಂದ ಕೊನೆಗೆ ಹಾಗೆಯೇ ಕಾಣುತ್ತದೆ. ತುದಿಭಾಗದ ದೋಷದಲ್ಲಿ, ಬಾಗಿಲ್ಲದಿದ್ದರೆ, ಮುಂದೊಗಲನ್ನು ಮತ್ತೆ ಕೂಡಿಸಿ ಉಳಿಸುವ ಆಯ್ಕೆಯಿದೆ. ಅದಕ್ಕೆ ಒಂದು ಹೊಲಿಗೆಯ ಸಾಲು ಹೆಚ್ಚು, ಅದು ಬಿಟ್ಟುಕೊಳ್ಳುವ ಅಥವಾ ಬಿಗಿಯಾಗುವ ಸಾಧ್ಯತೆಯೂ ಉಂಟು. ಬುಡಭಾಗದಲ್ಲಿ ಈ ಆಸೆಯನ್ನು ಬಿಡುವುದು ಒಳ್ಳೆಯದು. ಮುಸ್ಲಿಂ ಕುಟುಂಬಗಳಿಗೆ ಇದೇ ಸಂಗತಿ ಸಮಾಧಾನ ಕೊಡುತ್ತದೆ: ಶಸ್ತ್ರಚಿಕಿತ್ಸೆಯೊಂದಿಗೆ ಖತ್ನಾವೂ ಆದಂತೆಯೇ.

ಯಾರ ಕೈಯಲ್ಲಿ, ಎಲ್ಲಿ

ಮಕ್ಕಳ ಶಸ್ತ್ರಚಿಕಿತ್ಸಕರು, ಮಕ್ಕಳ ಮೂತ್ರರೋಗ ತಜ್ಞರು, ಪ್ಲಾಸ್ಟಿಕ್ ಸರ್ಜನ್‌ಗಳು, ದೊಡ್ಡವರ ಮೂತ್ರರೋಗ ತಜ್ಞರು, ನಾಲ್ವರೂ ಇದನ್ನು ಮಾಡುತ್ತಾರೆ. ಬೋರ್ಡಿನ ಮೇಲಿನ ಪದವಿಗಿಂತ ವರ್ಷಕ್ಕೆ ಎಷ್ಟು ಹೈಪೋಸ್ಪೇಡಿಯಾಸ್ ಮಾಡುತ್ತಾರೆ, ನಿಮ್ಮ ಮಗುವಿನ ಬಗೆಯದ್ದು ಅದರಲ್ಲಿ ಎಷ್ಟು, ಅವರ ಸ್ವಂತ ರೋಗಿಗಳಲ್ಲಿ ಎಷ್ಟು ಮಂದಿಗೆ ತೂತು ಬಿದ್ದಿದೆ ಎಂಬ ಮೂರು ಪ್ರಶ್ನೆ ಕೇಳಿ. ಕೂದಲೆಳೆಗಿಂತ ತೆಳ್ಳಗಿನ ದಾರದಲ್ಲಿ, ಭೂತಗನ್ನಡಿಯ ಕೆಳಗೆ ಮಾಡುವ ಈ ಕೆಲಸ ಆಗೊಮ್ಮೆ ಈಗೊಮ್ಮೆ ಮಾಡುವವರ ಕೈಗೆ ಒಗ್ಗುವುದಿಲ್ಲ. ನಮ್ಮ ವೈದ್ಯರಲ್ಲಿ ಯಾರೂ ಈ ಪ್ರಶ್ನೆಗಳಿಗೆ ಬೇಸರಪಟ್ಟದ್ದನ್ನು ನಾನು ಕಂಡಿಲ್ಲ. ಬೇಸರಪಡುವವರಿದ್ದರೆ ಅದನ್ನೇ ಉತ್ತರವೆಂದು ತಿಳಿಯಿರಿ.

ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಸರ್ಕಾರಿ ಮಕ್ಕಳ ಆಸ್ಪತ್ರೆಯೂ, ಸೇಂಟ್ ಜಾನ್ಸ್‌ನಂಥ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ, ಹಲವು ಖಾಸಗಿ ಆಸ್ಪತ್ರೆಗಳೂ ಇವೆ. ಸರ್ಕಾರಿ ಮತ್ತು ಬೋಧನಾ ಆಸ್ಪತ್ರೆಗಳಿಗೆ ಕೋಲಾರ, ತುಮಕೂರು, ರಾಮನಗರಗಳಿಂದೆಲ್ಲ ಮಕ್ಕಳು ಬರುವುದರಿಂದ ಕಠಿಣವಾದ ಬಗೆಗಳನ್ನು ನೋಡಿದ ಅನುಭವ ಅಲ್ಲಿ ದೊಡ್ಡದು, ಖರ್ಚು ಕಡಿಮೆ; ಆದರೆ ದಿನಾಂಕಕ್ಕೆ ಕಾಯಬೇಕು. ಖಾಸಗಿಯಲ್ಲಿ ದಿನಾಂಕ ಬೇಗ ಸಿಗುತ್ತದೆ, ಕೊಠಡಿ ಪ್ರತ್ಯೇಕ. ಎರಡನೆಯ ಹಂತಕ್ಕೂ, ಮುಂದೆ ಬೇಕಾಗಬಹುದಾದ ತಿದ್ದುಪಡಿಗೂ ಹಣ ಹೊಂದೀತೇ ಎಂಬುದನ್ನು ಮೊದಲ ದಿನವೇ ಲೆಕ್ಕ ಹಾಕಬೇಕು. ಮಧ್ಯದಲ್ಲಿ ವೈದ್ಯರನ್ನು ಬದಲಿಸುವುದು ಮಗುವಿಗೆ ಒಳ್ಳೆಯದಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವುದರಿಂದ, ಪಡಿತರ ಚೀಟಿಯೊಂದಿಗೆ ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ಮೊದಲೇ ವಿಚಾರಿಸಿ.

ಮನೆಗೆ ಹೋದ ಮೇಲಿನ ಹತ್ತು ದಿನ

ತುದಿಭಾಗಕ್ಕೆ ಸುಮಾರು ಒಂದು ವಾರ, ಉದ್ದನೆಯ ನಾಳ ಕಟ್ಟಿದಾಗ ಹತ್ತರಿಂದ ಹದಿನಾಲ್ಕು ದಿನ ಮೂತ್ರದ ಕೊಳವೆ ಇರುತ್ತದೆ. ಪುಟ್ಟ ಮಕ್ಕಳಿಗೆ ಎರಡು ಡಯಾಪರ್ ಹಾಕುವುದು ರೂಢಿ: ಒಳಗಿನದಕ್ಕೆ ಸಣ್ಣ ತೂತು ಮಾಡಿ ಕೊಳವೆಯನ್ನು ಹೊರತಂದರೆ ಮಲ ಒಳಗಿನದರಲ್ಲಿ, ಮೂತ್ರ ಹೊರಗಿನದರಲ್ಲಿ ಉಳಿಯುತ್ತದೆ. ಮೂತ್ರಕೋಶ ಸೆಳೆತು ಮಗು ಇದ್ದಕ್ಕಿದ್ದಂತೆ ಕಾಲು ಮಡಚಿ ಕಿರುಚಿದರೆ ಅದಕ್ಕೆ ಔಷಧವಿದೆ, ಕೇಳಿ ಪಡೆಯಿರಿ. ಮಲಬದ್ಧತೆಯಾಗಲು ಬಿಡಬೇಡಿ, ತಿಣುಕಿದರೆ ಹೊಲಿಗೆಗೆ ಒತ್ತಡ.

ನಾನೇ ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮಗುವನ್ನು ಕೊಳವೆಯ ಸಮೇತ ಬಿಡುಗಡೆ ಮಾಡುವಾಗ, ಅದನ್ನು ಹೊಟ್ಟೆಗೆ ಹೇಗೆ ಅಂಟಿಸಬೇಕೆಂದು ತಾಯಿಗೆ ತೋರಿಸದೆ ಬರೀ ಬಾಯಲ್ಲಿ ಹೇಳಿ ಕಳುಹಿಸಿದೆ. ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತುವ ನೂಕುನುಗ್ಗಲಲ್ಲಿ ಕೊಳವೆ ಕಿತ್ತುಬಂತು, ಮೂರನೆಯ ದಿನಕ್ಕೇ. ಆ ಮಗುವಿಗೆ ಆಮೇಲೆ ತೂತು ಬಿತ್ತು. ಕೊಳವೆ ಬಂದದ್ದೇ ಕಾರಣವೋ ಅಲ್ಲವೋ, ನನ್ನ ಮನಸ್ಸಿನಿಂದ ಅದು ಹೋಗಿಲ್ಲ. ಅಂದಿನಿಂದ ತಾಯಿಯ ಕೈಯಿಂದಲೇ ಒಮ್ಮೆ ಪ್ಲಾಸ್ಟರ್ ಹಾಕಿಸಿಯೇ ಕಳುಹಿಸುತ್ತೇನೆ. ಹೊರಜಿಲ್ಲೆಯವರು ಕೊಳವೆ ತೆಗೆಯುವವರೆಗೆ ಬೆಂಗಳೂರಿನಲ್ಲಿಯೇ ಬಂಧುಗಳ ಮನೆಯಲ್ಲೋ ಆಸ್ಪತ್ರೆಯ ಬಳಿಯ ಧರ್ಮಛತ್ರದಲ್ಲೋ ಉಳಿಯುವುದು ಒಳ್ಳೆಯದು. ಊರಿಗೆ ಹೋಗಲೇಬೇಕಾದರೆ ಜನದಟ್ಟಣೆಯ ಬಸ್ಸು ಬೇಡ.

ತೂತು ಬಿದ್ದರೆ ಎದೆಗುಂದಬೇಡಿ, ಆತುರವನ್ನೂ ಪಡಬೇಡಿ. ಸಣ್ಣದ್ದು ತಾನಾಗಿ ಮುಚ್ಚಿಕೊಳ್ಳುವುದೂ ಉಂಟು. ಉಳಿದರೆ ಅಂಗಾಂಶ ಮೆತ್ತಗಾಗಲು ಕನಿಷ್ಠ ಆರು ತಿಂಗಳು ಬಿಡಬೇಕು. ಮುಂದಿನ ತಿಂಗಳೇ ಮುಚ್ಚಿಕೊಡುತ್ತೇವೆ ಎನ್ನುವ ಕಡೆ ಹೋಗಬೇಡಿ. ಧಾರೆ ದಿನೇದಿನೇ ಸಣ್ಣದಾಗುತ್ತಿದ್ದರೆ, ಮಗು ತಿಣುಕಿ ಮೂತ್ರ ಮಾಡುತ್ತಿದ್ದರೆ ಮಾತ್ರ ಕಾಯದೆ ಬನ್ನಿ. ದ್ವಾರ ಕಿರಿದಾಗಿರುವ ಲಕ್ಷಣ ಅದು. ಅದನ್ನು ಬಿಡಿಸದಿದ್ದರೆ ಹಿಂದಿನ ಹೊಲಿಗೆಯ ಮೇಲೆ ಒತ್ತಡ ಬಿದ್ದು ಹೊಸ ತೂತಾಗುತ್ತದೆ. ಮಗು ಮೂತ್ರ ಮಾಡುವುದನ್ನು ಮೊಬೈಲಿನಲ್ಲಿ ಅರ್ಧ ನಿಮಿಷ ಚಿತ್ರಿಸಿ ತಂದು, ತೋರಿಸಿದ ಮೇಲೆ ಅಳಿಸಿಬಿಡಿ.

ಎಲ್ಲವೂ ಸರಿಹೋದ ಮೇಲೂ ಮಗು ನಿಂತು ಮೂತ್ರ ಮಾಡಲು ಕಲಿತಾಗ ಒಮ್ಮೆ, ಪ್ರಾಯಕ್ಕೆ ಬಂದಾಗ ಒಮ್ಮೆ ತೋರಿಸಬೇಕು, ಏಕೆಂದರೆ ಬೆಳವಣಿಗೆಯ ಭರದಲ್ಲಿ ಬಾಗು ಮರುಕಳಿಸಬಹುದು. ಹತ್ತೊಂಬತ್ತು ವರ್ಷದ ಒಬ್ಬ ವಿದ್ಯಾರ್ಥಿ ಒಬ್ಬನೇ ನಮ್ಮ ಹೊರರೋಗಿ ವಿಭಾಗಕ್ಕೆ ಬಂದಿದ್ದ. ಚಿಕ್ಕಂದಿನಲ್ಲಿ ಏನೋ ಆಪರೇಷನ್ ಆಗಿದೆ ಎಂಬುದಷ್ಟೇ ಅವನಿಗೆ ಗೊತ್ತು. ಮನೆಯಲ್ಲಿ ಯಾರೂ ಹೇಳಿರಲಿಲ್ಲ, ಕಾಗದವೊಂದೂ ಇರಲಿಲ್ಲ. ನಾಳವನ್ನು ಯಾವ ಚರ್ಮದಿಂದ ಕಟ್ಟಿದ್ದರೆಂದು ತಿಳಿಯದೆ ವೈದ್ಯರು ಮೊದಲಿನಿಂದ ಹುಡುಕಬೇಕಾಯಿತು. ಬಿಡುಗಡೆಯ ಸಾರಾಂಶ ಮಾತ್ರ ಸಾಲದು; ವಿಧಾನದ ಹೆಸರು, ಬಾಗಿನ ಡಿಗ್ರಿ, ಬಳಸಿದ ಪದರ ಎಲ್ಲವೂ ಇರುವ ಶಸ್ತ್ರಚಿಕಿತ್ಸಾ ಟಿಪ್ಪಣಿಯ ಪ್ರತಿಯನ್ನು ಕೇಳಿ ಪಡೆದು, ಮಗುವಿನ ಜನನ ಪ್ರಮಾಣಪತ್ರವಿರುವ ಕವರಿನಲ್ಲಿಯೇ ಇಟ್ಟಿರಿ. ಅವನು ಹತ್ತು ವರ್ಷದವನಾದಾಗ ಆ ಕವರನ್ನು ಅವನ ಮುಂದೆ ತೆರೆದು, ಅದರಲ್ಲಿ ಏನು ಬರೆದಿದೆ ಎಂದು ಅಪ್ಪನೇ ಓದಿ ಹೇಳಲಿ.